ಪರಿಹಾರ ಭಿಕ್ಷೆಯಲ್ಲ, ಲೆಕ್ಕ ಕೇಳುವುದು ತಪ್ಪಲ್ಲ



ಹೊಳೆ ಉಕ್ಕಿದಾಗೊಮ್ಮೆ, ಮಳೆ ಕೈಕೊಟ್ಟಾಗೊಮ್ಮೆ ಊರ ಅಗಸಿಗೆ ಒಂದು ಡಬ್ಬಿ ಬರುತ್ತದೆ. ಡಬ್ಬಿಯ ಮೇಲೆ ಒಂದು ಫೋಟೋ, ಹಿಂದೆ ನಾಲ್ಕು ಮಂದಿ ಪುಢಾರಿಗಳು, ಅವರ ಹಿಂದೆ ಒಂದು ಮೈಕು. ನಾವು ಹಾಕುತ್ತೇವೆ. ಹತ್ತು ರೂಪಾಯಿ ಇದ್ದವ ಹತ್ತು, ನೂರು ಇದ್ದವ ನೂರು. ಡಬ್ಬಿ ಮುಂದಿನ ಊರಿಗೆ ಹೋಗುತ್ತದೆ. ಅದರೊಳಗಿನ ರೊಕ್ಕ ಎಲ್ಲಿಗೆ ಹೋಯಿತು ಅಂತ ಕೇಳಿದವರು ನಿಮ್ಮಲ್ಲಿ ಎಷ್ಟು ಜನ? ಎದೆ ಮುಟ್ಟಿಕೊಂಡು ಹೇಳ್ರಿ.

ಈ ವಿಷಯದಲ್ಲಿ ನಮ್ಮೊಳಗೆ ಎರಡು ಪಂಗಡ ಇವೆ. ಒಂದು ಪಂಗಡದವರು, ‘ಕೊಟ್ಟಿದ್ದು ದೇವರಿಗೆ ಮುಟ್ಟಿತು, ತಿಂದವರನ್ನು ಅವನೇ ನೋಡಿಕೊಳ್ತಾನ’ ಅಂತಾರೆ. ಇನ್ನೊಂದು ಪಂಗಡದವರು, ‘ಎಲ್ಲಾ ಕಳ್ಳರೇ ಅದಾರ, ಒಂದು ಪೈಸಾನೂ ಕೊಡಬಾರದು’ ಅಂತಾರೆ. ಕೇಳಲಿಕ್ಕೆ ಇಬ್ಬರ ಮಾತೂ ಬೇರೆ, ಫಲ ಮಾತ್ರ ಒಂದೇ. ಮೊದಲನೆಯವನು ಕಳ್ಳನನ್ನು ಕೇಳುವುದಿಲ್ಲ. ಎರಡನೆಯವನು ಕಳ್ಳನನ್ನು ಬಿಟ್ಟು ಮನೆ ಕಳೆದುಕೊಂಡವನಿಗೆ ಶಿಕ್ಷೆ ಕೊಡುತ್ತಾನೆ. ಇಬ್ಬರಿಂದಲೂ ನಡುವೆ ಕುಂತವನಿಗೆ ಸುಖ. ನಾನು ಹೇಳುವುದು ಮೂರನೆಯ ಹಾದಿ: ಕೊಡ್ರಿ, ಕೊಟ್ಟ ಮೇಲೆ ಲೆಕ್ಕ ಕೇಳ್ರಿ.

ಕೊಡುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಹಳ್ಳಿ ಹಳ್ಳಿಯಿಂದ ಟ್ರ್ಯಾಕ್ಟರುಗಟ್ಟಲೆ ಜೋಳದ ರೊಟ್ಟಿ, ಕಾಳು ಕಡಿ ಹೋಗುತ್ತವೆ. ಅಲ್ಲಿ ಯಾರೂ ರಸೀದಿ ಕೇಳುವುದಿಲ್ಲ. ಯಾಕೆ ಕೇಳುವುದಿಲ್ಲ? ರೊಟ್ಟಿ ತಟ್ಟಿದ ಅಕ್ಕನ ಕಣ್ಣೆದುರಿಗೇ ಪಂಕ್ತಿ ಕೂತಿರುತ್ತದೆ. ಕೊಟ್ಟವಳೂ ಕಾಣುತ್ತಾಳೆ, ಉಂಡವನೂ ಕಾಣುತ್ತಾನೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡ ಕುಸಿದಾಗ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸಿದರು. ತಮ್ಮ ಹೊಲಕ್ಕೆ ಮಳೆ ಸಾಲದಿದ್ದರೂ ಕಳಿಸಿದರು. ಇದು ನಮ್ಮ ಜನರ ಗುಣ.

ಆದರೆ ಕೊಡುವವನಿಗೂ ಉಣ್ಣುವವನಿಗೂ ನಡುವೆ ಮುನ್ನೂರು ಹರದಾರಿ ದೂರ, ಏಳು ಕಚೇರಿ, ಹತ್ತು ಸಹಿ ಬಂದವೆಂದರೆ ಆಗ ಲೆಕ್ಕ ಬೇಕು. ಲೆಕ್ಕ ಕೇಳಿದರೆ ಅದು ಅಪನಂಬಿಕೆ ಅಲ್ಲ. ಸಂತೆಯಲ್ಲಿ ತಕ್ಕಡಿ ನೋಡುವುದು ಅಪನಂಬಿಕೆಯೇನು? ಒಳ್ಳೆಯ ಮನಸ್ಸು ಒಂದೇ ಸಾಲದು ಅನ್ನುವುದಕ್ಕೂ ಸಾಕ್ಷಿ ಇದೆ. 2004ರ ಸುನಾಮಿಯ ನಂತರ ತಮಿಳುನಾಡಿನ ನಾಗಪಟ್ಟಣದ ಕಡೆ ಹಳೆ ಬಟ್ಟೆ ರಸ್ತೆ ಬದಿಗೆ ಗುಡ್ಡೆ ಬಿದ್ದಿತು. ಕೊಟ್ಟವರಿಗೆ ಮನೆ ಖಾಲಿಯಾಯಿತು, ಪಡೆಯುವವರಿಗೆ ಅದು ಬೇಕಿರಲಿಲ್ಲ. ಬೇಕಾದ್ದು ಏನೆಂದು ಕೇಳದೆ ಕೊಟ್ಟದ್ದು ದಾನ ಆಗುವುದಿಲ್ಲ, ಕಸ ಆಗುತ್ತದೆ.

ಈಗ ನಮ್ಮ ಸೀಮೆಗೆ ಬರೋಣ. 2009ರ ಬೇಸಿಗೆ ಮುಂಗಾರು ಒಣಗಿಸಿತು, ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ ನೆರೆ ಬಂದು ಉಳಿದದ್ದನ್ನೂ ಒಯ್ದಿತು. ಕೃಷ್ಣಾ, ತುಂಗಭದ್ರಾ, ಮಲಪ್ರಭಾ, ದೋಣಿ ದಂಡೆಯ ಜನ ಬೀದಿಗೆ ಬಿದ್ದರು. ರಾಜ್ಯದಲ್ಲಿ ಇನ್ನೂರಕ್ಕಿಂತ ಹೆಚ್ಚು ಮಂದಿ ಸತ್ತರು. ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಪಾದಯಾತ್ರೆ ಮಾಡಿ ದೇಣಿಗೆ ಎತ್ತಿದರು. ಕೂಲಿಯವರು, ಶಾಲೆ ಮಕ್ಕಳು, ಬೀದಿ ವ್ಯಾಪಾರಿಗಳು ಹಾಕಿದರು. ಅದೇ ಹೊತ್ತಿಗೆ ಅದಿರು ತುಂಬಿದ ಒಂದೊಂದು ಲಾರಿಯ ಮೇಲೆ 1,000 ರೂಪಾಯಿ ಹಾಕಿ ಸಂತ್ರಸ್ತರಿಗೆ ಮನೆ ಕಟ್ಟೋಣ ಎಂಬ ಮಾತು ಸರ್ಕಾರದಲ್ಲಿ ಬಂತು. ಬಂದದ್ದೇ ತಡ, ಬಳ್ಳಾರಿಯ ಗಣಿ ಮಂತ್ರಿಗಳು ಸಿಡಿದೆದ್ದರು, ಸರ್ಕಾರವೇ ಅಲ್ಲಾಡಿತು. ಆ ಲಾರಿಗಳು ನಮ್ಮ ಹೊಸಪೇಟೆ-ಕೊಪ್ಪಳ-ಗದಗ ರಸ್ತೆಯನ್ನೇ ಹುಡಿ ಮಾಡಿ ಓಡಿದವು, ನಮ್ಮ ಬೆಳೆಯ ಮೇಲೆ ಕೆಂಧೂಳಿ ಹೊದಿಸಿದವು. ಬಡವನ ಹತ್ತು ರೂಪಾಯಿಗೆ ಡಬ್ಬಿ, ಗಣಿ ದಣಿಯ ಸಾವಿರ ರೂಪಾಯಿಗೆ ಬಂಡಾಯ! ಇದರ ಅರ್ಥ ಏನು? ದೇಣಿಗೆ ಎಂಬುದು ಉಳ್ಳವರಿಂದ ತೆರಿಗೆ ವಸೂಲು ಮಾಡಲಾಗದ ಸರ್ಕಾರ ಇಲ್ಲದವರ ಮುಂದೆ ಒಡ್ಡುವ ಜೋಳಿಗೆ ಆಗಬಾರದು.

ಆಮೇಲೆ ‘ಆಸರೆ’ ಬಂತು. ದಾನಿಗಳ ರೊಕ್ಕ, ಸರ್ಕಾರದ ಜಾಗ, ಹೊಸ ಊರು. ಕೆಲವು ಕಡೆ ಒಳ್ಳೆಯ ಮನೆಗಳೇ ಆದವು, ಅದನ್ನು ಇಲ್ಲವೆನ್ನಲಾಗದು. ಆದರೆ ಬಹಳ ಕಡೆ ಮನೆಗಳು ವರ್ಷಗಟ್ಟಲೆ ಬಾಗಿಲು ಮುಚ್ಚಿ ನಿಂತವು, ಜಾಲಿ ಬೆಳೆಯಿತು. ಜನ ಯಾಕೆ ಹೋಗಲಿಲ್ಲ? ನೀರಿಲ್ಲ, ರಸ್ತೆಯಿಲ್ಲ, ಹಕ್ಕುಪತ್ರವಿಲ್ಲ. ಹೊಲ ಒಂದು ಕಡೆ, ಮನೆ ಒಂದು ಕಡೆ. ದನ ಕಟ್ಟಾಕ ಜಾಗ ಇಲ್ಲ, ಹೊಟ್ಟು ಮೇವು ಒಟ್ಟಾಕ ಹಿತ್ತಲ ಇಲ್ಲ, ಮೂವರು ಅಣ್ಣತಮ್ಮಂದಿರ ಸಂಸಾರಕ್ಕೆ ಎರಡು ಕೋಣೆ. ನಕ್ಷೆ ಬರೆದವರು ಎತ್ತು ಕಟ್ಟಿದವರಲ್ಲ. ಒಬ್ಬ ರೈತನನ್ನು ಕೂರಿಸಿಕೊಂಡು ಕೇಳಿದ್ದರೆ ದಾನಿಯ ರೊಕ್ಕವೂ ಉಳಿಯುತ್ತಿತ್ತು, ಮನೆಯಲ್ಲಿ ದೀಪವೂ ಉರಿಯುತ್ತಿತ್ತು.

ಹತ್ತು ವರ್ಷ ಬಿಟ್ಟು 2019ರ ಆಗಸ್ಟಿನಲ್ಲಿ ಮತ್ತೆ ನೆರೆ. ನಮ್ಮ ಗಂಗಾವತಿ ತಾಲೂಕಿನ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಕೊಂಡ ಪ್ರವಾಸಿಗರನ್ನು ಹೆಲಿಕಾಪ್ಟರ್ ತರಿಸಿ ಎತ್ತಿದರು, ಒಳ್ಳೆಯದೇ ಆಯಿತು. ನೀರು ಇಳಿದ ಮೇಲಿನ ಕಥೆ ಕೇಳ್ರಿ. ಮೊದಲಿಗೆ ನೀರು ಹೊಕ್ಕ ಮನೆಗೆ 10,000 ರೂಪಾಯಿ. ಎಲ್ಲರಿಗೂ ಒಂದೇ ಮೊತ್ತ, ಆದ್ದರಿಂದ ಅದರಲ್ಲಿ ತಕರಾರು ಕಡಿಮೆ. ಆಮೇಲೆ ಬಿದ್ದ ಮನೆಗಳಿಗೆ ಎ, ಬಿ, ಸಿ ಅಂತ ಅಕ್ಷರ ಹಚ್ಚಿದರು. ಎ ಬಿದ್ದರೆ 5 ಲಕ್ಷ, ಸಿ ಬಿದ್ದರೆ 50,000. ಒಂದು ಅಕ್ಷರಕ್ಕೆ ಹತ್ತು ಪಟ್ಟು ಅಂತರ! ಆ ಅಕ್ಷರ ಬರೆಯುವ ಪೆನ್ನು ಯಾರ ಕೈಯಲ್ಲಿದೆಯೋ ಅವನೇ ಊರಿಗೆ ದೇವರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಗೋಡೆ ಬಿದ್ದವನಿಗೆ ಸಿ, ಗೋಡೆ ನಿಂತವನಿಗೆ ಎ ಆದ ದೂರುಗಳು ಜಿಲ್ಲೆ ಜಿಲ್ಲೆಯಿಂದ ಬಂದವು.

ಎ ಸಿಕ್ಕವನ ಪಾಡೂ ಸುಖದ್ದಲ್ಲ. ಹಣ ಕಂತಿನಲ್ಲಿ ಬರುತ್ತದೆ: ಬುನಾದಿ ಹಾಕು, ಫೋಟೋ ಹೊಡೆಸು, ಮುಂದಿನ ಕಂತು ತಗೋ. ಗೋಡೆ ಏರಿಸು, ಮತ್ತೆ ಫೋಟೋ. ಮುಂದಿನ ಕಂತು ತಡವಾಯಿತೆಂದರೆ ಸಿಮೆಂಟು ಅಂಗಡಿಯವ, ಗೌಂಡಿ ಕಾಯುತ್ತಾರೇನು? ಸಾಹುಕಾರನ ಬಾಗಿಲಿಗೆ ಹೋಗಲೇಬೇಕು, ನೂರಕ್ಕೆ ತಿಂಗಳಿಗೆ ಮೂರು, ಐದು ಬಡ್ಡಿ ಕಟ್ಟಲೇಬೇಕು. ಹೀಗೆ ಸರ್ಕಾರದ ಪರಿಹಾರವೇ ರೈತನಿಗೆ ಹೊಸ ಸಾಲದ ಬೀಜ ಬಿತ್ತುತ್ತದೆ. ನೆರೆ ಒಂದು ವಾರ ಇದ್ದು ಹೋಯಿತು, ಬಡ್ಡಿ ಇನ್ನೂ ಮನೆಯಲ್ಲಿದೆ.

ಇನ್ನು ಬರದ ಲೆಕ್ಕ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಸಾರಿದರು. ರಾಜ್ಯ ಸರ್ಕಾರ ಕೇಂದ್ರಕ್ಕೆ 18,171 ಕೋಟಿ ಕೇಳಿತು. ತಿಂಗಳುಗಟ್ಟಲೆ ಬರಲಿಲ್ಲ. 2024ರ ಮಾರ್ಚಿನಲ್ಲಿ ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು, ಏಪ್ರಿಲ್ ಕೊನೆಗೆ 3,454 ಕೋಟಿ ಬಿಡುಗಡೆಯಾಯಿತು. ಆ ಪಕ್ಷದವರು ಈ ಪಕ್ಷದವರನ್ನು ಬೈದರು, ಈ ಪಕ್ಷದವರು ಆ ಪಕ್ಷದವರನ್ನು ಬೈದರು. ಅಷ್ಟರಲ್ಲಿ ಕುಷ್ಟಗಿ, ಯಲಬುರ್ಗಾದ ಜನ ಗಂಟು ಮೂಟೆ ಕಟ್ಟಿ ಗುಳೆ ಹೋಗಿ ಆಗಿತ್ತು.

ಬಂದ ಪರಿಹಾರವಾದರೂ ಎಷ್ಟು? ಮಳೆಯಾಶ್ರಿತ ಹೊಲಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿಗೆ ಮಿತಿ. ಎಕರೆಗೆ ಲೆಕ್ಕ ಹಾಕಿದರೆ 3,400. ಎರಡು ಚೀಲ ಡಿಎಪಿಗೆ 2,700 ಹೋದರೆ ಉಳಿದದ್ದು 700. ಅದರಲ್ಲಿ ಬೀಜ, ಗಳೆ, ಕಳೆ, ಆಳು, ಮನೆಯ ಉಪ್ಪು ಎಣ್ಣೆ ಎಲ್ಲ! ಇದನ್ನು ಪರಿಹಾರ ಅನ್ನಬೇಕೋ, ಚೇಷ್ಟೆ ಅನ್ನಬೇಕೋ ನೀವೇ ಹೇಳ್ರಿ.

ಆ ಮೂರು ಕಾಸಿಗೂ ಬ್ಯಾಂಕುಗಳು ಬಾಯಿ ಹಾಕಿದವು. ಪರಿಹಾರ ಖಾತೆಗೆ ಬಿದ್ದ ಕೂಡಲೇ ಹಳೆ ಬೆಳೆಸಾಲಕ್ಕೆ ಜಮಾ ಮಾಡಿಕೊಂಡರು. 2024ರ ಮೇ ತಿಂಗಳಲ್ಲಿ ಗದ್ದಲ ಎದ್ದ ಮೇಲೆ, ಪರಿಹಾರದ ಹಣವನ್ನು ಸಾಲಕ್ಕೆ ಹೊಂದಿಸಬಾರದು ಎಂದು ಸರ್ಕಾರ ಆದೇಶ ಮಾಡಬೇಕಾಯಿತು. ಬೆಳೆ ಹೋದದ್ದಕ್ಕೆ ಕೊಟ್ಟ ಹಣ, ಬೆಳೆ ಹೋದ ಕಾರಣಕ್ಕೆ ಉಳಿದ ಸಾಲಕ್ಕೆ! ಅಂದರೆ ದೆಹಲಿಯಿಂದ ಹೊರಟ ರೊಕ್ಕ ನಮ್ಮ ಹೆಸರಿನ ಮೇಲೆ ಒಂದು ರಾತ್ರಿ ಮಲಗಿ ಬೆಳಗ್ಗೆ ಬ್ಯಾಂಕಿನ ತಿಜೋರಿ ಸೇರಿತು. ಕಾಗದದ ಮೇಲೆ ಮಾತ್ರ ‘ರೈತನಿಗೆ ಮುಟ್ಟಿದೆ’ ಅಂತ ಬರೆದಿದೆ.

ಇದಕ್ಕಿಂತ ಕೆಳಗಿನವರೂ ಇದ್ದಾರೆ, ಅವರನ್ನು ನಾವೇ ಮರೆಯುತ್ತೇವೆ. ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿದ್ದವನಿಗೆ. ಲಾವಣಿಗೆ ಹೊಲ ಹಿಡಿದು ಬಿತ್ತಿದವನಿಗೆ ಬೆಳೆಯೂ ಹೋಯಿತು, ಲಾವಣಿಯ ರೊಕ್ಕವೂ ಹೋಯಿತು, ಪರಿಹಾರ ಮಾತ್ರ ಊರಲ್ಲೇ ಇಲ್ಲದ ಹೊಲದ ಒಡೆಯನ ಖಾತೆಗೆ. ಗಂಡ ಸತ್ತು ಪಹಣಿ ಇನ್ನೂ ಮಾವನ ಹೆಸರಿನಲ್ಲೇ ಇರುವ ತಾಯಂದಿರಿಗೆ ಇಲ್ಲ. ಕಳೆ ತೆಗೆಯುವ ಕೆಲಸವೇ ಇಲ್ಲದೆ ಕೂತ ಕೂಲಿಯವಳಿಗೆ ಬೆಳೆ ಪರಿಹಾರದಲ್ಲಿ ಸಾಲೇ ಇಲ್ಲ. ರೈತ ಚಳವಳಿ ಅಂದರೆ ಪಹಣಿ ಇದ್ದವರ ಚಳವಳಿ ಮಾತ್ರ ಅಲ್ಲ. ನಮ್ಮ ಹಗ್ಗದ ಈ ತುದಿ ಗಟ್ಟಿಯಾಗದೆ ಆ ತುದಿ ಎಳೆಯಲು ಬರುವುದಿಲ್ಲ.

‘ಹಾಗಾದರೆ ದೊಡ್ಡ ನಿಧಿಗೇ ನೇರ ಕೊಟ್ಟರಾಯಿತು’ ಅನ್ನುವವರಿದ್ದಾರೆ. 1948ರಿಂದ ಪ್ರಧಾನಿಯ ರಾಷ್ಟ್ರೀಯ ಪರಿಹಾರ ನಿಧಿ ಇದೆ. 2020ರ ಮಾರ್ಚಿನಲ್ಲಿ ಕೋವಿಡ್ ಹೊತ್ತಿಗೆ ‘ಪಿಎಂ ಕೇರ್ಸ್’ ಎಂಬ ಇನ್ನೊಂದನ್ನು ತೆರೆದರು. ಹೆಸರು ಪ್ರಧಾನಿಯದು, ಲಾಂಛನ ದೇಶದ್ದು. ಆದರೆ ಇದು ಸರ್ಕಾರದ ನಿಧಿಯಲ್ಲ, ಮಾಹಿತಿ ಹಕ್ಕಿನ ಕಾಯಿದೆಗೆ ಒಳಪಡುವುದಿಲ್ಲ ಎಂದು 2023ರಲ್ಲಿ ದೆಹಲಿ ಹೈಕೋರ್ಟಿಗೆ ಪ್ರಧಾನಿ ಕಚೇರಿಯೇ ಹೇಳಿತು. ಕೇಳುವಾಗ ಸರ್ಕಾರ, ಲೆಕ್ಕ ಹೇಳುವಾಗ ಖಾಸಗಿ! ಇದು ಯಾವ ಪಕ್ಷದ ಮೇಲಿನ ಸಿಟ್ಟೂ ಅಲ್ಲ. ಡಬ್ಬಿಗೆ ಯಾವ ಬಣ್ಣ ಹಚ್ಚಿದರೂ ಮುಚ್ಚಳ ತೆಗೆಯದಿದ್ದರೆ ಅದು ಮುಚ್ಚಿದ ಡಬ್ಬಿಯೇ.

ಇನ್ನು ಕೆಲವು ಅಧಿಕಾರಿಗಳ ವಾದ ಹೀಗಿದೆ: ‘ತುರ್ತು ಹೊತ್ತಿನಲ್ಲಿ ಲೆಕ್ಕ ಗಿಕ್ಕ ಅಂದರೆ ಕೆಲಸ ತಡವಾಗುತ್ತದೆ.’ ಸ್ವಾಮಿ, ಊರವರ ಮುಂದೆ ಪಟ್ಟಿ ಓದಲು ಒಂದು ಸಂಜೆ ಸಾಕು. ತಡವಾಗುವುದು ಪಟ್ಟಿ ಮುಚ್ಚಿಟ್ಟಾಗ. ತಪ್ಪು ಹೆಸರು ಸೇರಿ, ಸರಿ ಹೆಸರು ಬಿಟ್ಟು, ಅರ್ಜಿ, ಮರು ಅರ್ಜಿ, ಕೋರ್ಟು ಅಂತ ಅಲೆಯುವಾಗ ತಡವಾಗುತ್ತದೆ.

ಆದ್ದರಿಂದ ಓದುಗ ಬಾಂಧವರೇ, ಮುಂದಿನ ಬಾರಿ ಡಬ್ಬಿ ಬಂದಾಗ ಮತ್ತು ಪರಿಹಾರದ ಸುದ್ದಿ ಬಂದಾಗ ಇಷ್ಟು ಮಾಡ್ರಿ.

ಒಂದು, ರಸೀದಿ ಇಲ್ಲದ ಡಬ್ಬಿಗೆ ಒಂದು ಪೈಸೆಯನ್ನೂ ಹಾಕಬೇಡ್ರಿ. ಊರಿನಿಂದ ಎಷ್ಟು ಹೋಯಿತು, ಯಾವ ಊರಿಗೆ ಮುಟ್ಟಿತು ಎಂಬುದನ್ನು ತಿಂಗಳೊಳಗೆ ಪಂಚಾಯ್ತಿ ಗೋಡೆಗೆ ಹಚ್ಚಬೇಕು. ಎರಡು, ಸಾಧ್ಯವಾದರೆ ಊರಿನಿಂದ ಊರಿಗೇ ಕೊಡ್ರಿ. ಮೊದಲು ಕೇಳ್ರಿ, ಏನು ಬೇಕು ಅಂತ. ನಮ್ಮ ಹತ್ತಿರ ಮೇವು ಇದೆ, ಬಿತ್ತನೆ ಕಾಳು ಇದೆ, ಟ್ರ್ಯಾಕ್ಟರ್ ಇದೆ, ತೋಳಿನ ಶಕ್ತಿ ಇದೆ. ಮೂರು, ಪರಿಹಾರದ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸ್ರಿ. ಫಲಾನುಭವಿಗಳ ವಿವರವನ್ನು ಕೇಳದೆಯೇ ಪ್ರಕಟಿಸಬೇಕು ಎಂದು 2005ರ ಮಾಹಿತಿ ಹಕ್ಕು ಕಾಯಿದೆಯ 4ನೇ ಕಲಮು ಹೇಳುತ್ತದೆ. ಓದದಿದ್ದರೆ ತಹಶೀಲ್ ಕಚೇರಿ ಮುಂದೆ ಕೂಡ್ರಿ. ನಾಲ್ಕು, ಪರಿಹಾರ ಜಮಾ ಆದ ದಿನವೇ ಪಾಸ್‌ಬುಕ್ ಬರೆಸ್ರಿ. ಸಾಲಕ್ಕೆ ಮುರಿದುಕೊಂಡಿದ್ದರೆ ಒಬ್ಬರೇ ಹೋಗಬೇಡ್ರಿ, ಹತ್ತು ಮಂದಿ ಕೂಡಿ ಹೋಗ್ರಿ. ಐದು, ಲಾವಣಿದಾರನ, ಕೂಲಿಯವಳ ಹೆಸರು ಪಟ್ಟಿಯಲ್ಲಿಲ್ಲ ಅಂತ ಮೊದಲು ಎದ್ದು ಹೇಳುವವರು ಪಹಣಿ ಇದ್ದ ನಾವೇ ಆಗಬೇಕು.

ಕೊನೆಗೊಂದು ಮಾತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಚೈನು ಹರಿದು ಕೊಚ್ಚಿ ಹೋಯಿತು. ಒಂದು ವಾರ ನಾಲ್ಕು ಜಿಲ್ಲೆಯ ರೈತರು ಉಸಿರು ಬಿಗಿಹಿಡಿದು ಕೂತರು. ಕೆಲಸಗಾರರು ಹರಿಯುವ ನೀರಿನಲ್ಲೇ ಪ್ರಾಣ ಒತ್ತೆಯಿಟ್ಟು ತಾತ್ಕಾಲಿಕ ಗೇಟು ಕೂರಿಸಿದರು. ಎಪ್ಪತ್ತು ವರ್ಷದ ಗೇಟನ್ನು ಕಾಲಕಾಲಕ್ಕೆ ಬದಲಿಸುವುದು, ಕೆರೆಯ ಹೂಳು ತೆಗೆಯುವುದು, ಬೆಳೆದದ್ದಕ್ಕೆ ನ್ಯಾಯದ ಬೆಲೆ ಕೊಡುವುದು: ನಿಜವಾದ ಪರಿಹಾರ ಇವೇ. ಬೆಲೆ ಸಿಕ್ಕ ರೈತನ ಮನೆಯಲ್ಲಿ ಎರಡು ವರ್ಷದ ಬರ ತಡೆಯುವ ಕಾಳು ಇರುತ್ತದೆ. ಅವನು ಯಾರ ಡಬ್ಬಿಯನ್ನೂ ಕಾಯುವುದಿಲ್ಲ.

ನಾವು ಬೆಳೆದದ್ದನ್ನು ಇಷ್ಟು ವರ್ಷ ಅಗ್ಗಕ್ಕೆ ಕೊಂಡು ದೇಶ ಉಂಡಿದೆ. ಆ ಬಾಕಿಯಲ್ಲಿ ಒಂದು ಚೂರು ವಾಪಸು ಬಂದರೆ ಅದು ಯಾರ ಕರುಣೆಯೂ ಅಲ್ಲ. ಬಾಕಿ ಪಡೆಯುವವನು ಕೈಮುಗಿಯುವುದಿಲ್ಲ, ಎಣಿಸಿಕೊಳ್ಳುತ್ತಾನೆ. ಎಣಿಸಿಕೊಳ್ರಿ.