ಪೈಲಟ್ ಕನಸು: ಮೆಡಿಕಲ್ ಮೊದಲು, ಕಾಲೇಜು ಆಮೇಲೆ

ಎಂಜಿನಿಯರಿಂಗ್ ಸೀಟು ಹಿಡಿಯುವುದು ಹೇಗೆಂದು ಕರ್ನಾಟಕದ ಪೋಷಕರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸಿಇಟಿ ರ‍್ಯಾಂಕ್, ಆಪ್ಷನ್ ಎಂಟ್ರಿ, ಹೋದ ವರ್ಷದ ಕಟಾಫ್ ಎಲ್ಲವೂ ಬಾಯಿಪಾಠ. ಅದೇ ಮನೆಯ ಮಗಳು ‘ನಾನು ಪೈಲಟ್ ಆಗ್ತೀನಿ’ ಎಂದರೆ ಈ ಪರಿಣತಿಯೆಲ್ಲ ಕೈಕೊಡುತ್ತದೆ. ಆದರೂ ಅಭ್ಯಾಸಬಲದಿಂದ ಅಪ್ಪ ಕೇಳುವ ಮೊದಲ ಪ್ರಶ್ನೆ, ‘ಯಾವ ಕಾಲೇಜು ಒಳ್ಳೇದು?’

ಈ ಪ್ರಶ್ನೆಗೆ ಉತ್ತರ ಕೊಡಲು ಬೇಕಾದಷ್ಟು ಮಂದಿ ಕಾದು ಕುಳಿತಿದ್ದಾರೆ. ಬಿಬಿಎ ಏವಿಯೇಷನ್, ಬಿಎಸ್ಸಿ ಏವಿಯೇಷನ್, ಏರೋನಾಟಿಕಲ್ ಎಂಜಿನಿಯರಿಂಗ್, ಏರೋಸ್ಪೇಸ್ ಎಂಬ ಹೆಸರುಗಳ ಮೇಳವೇ ಇದೆ. ಬ್ರೋಷರಿನ ಮುಖಪುಟದಲ್ಲಿ ಭುಜದ ಮೇಲೆ ನಾಲ್ಕು ಪಟ್ಟಿ ಧರಿಸಿದ ಕ್ಯಾಪ್ಟನ್ ನಗುತ್ತಿರುತ್ತಾರೆ. ಒಳಪುಟ ತೆರೆದರೆ ವಿಮಾನ ನಿಲ್ದಾಣ ನಿರ್ವಹಣೆ, ಕಾರ್ಗೊ, ಟಿಕೆಟಿಂಗ್, ಮಾರ್ಕೆಟಿಂಗ್. ಬಿಬಿಎ ಏವಿಯೇಷನ್ ಮುಗಿಸಿದವರು ನಿಲ್ದಾಣದ ಕೌಂಟರಿನಲ್ಲೋ ಕಂಪನಿಯ ಕಚೇರಿಯಲ್ಲೋ ಕೆಲಸ ಮಾಡಬಹುದು. ಏರೋನಾಟಿಕಲ್ ಎಂಜಿನಿಯರ್ ವಿಮಾನದ ವಿನ್ಯಾಸ ಮಾಡುತ್ತಾರೆ. ಇವೆಲ್ಲ ಮರ್ಯಾದೆಯ ಕೆಲಸಗಳೇ. ಕಾಕ್‌ಪಿಟ್ಟಿಗೆ ಮಾತ್ರ ಇಲ್ಲಿಂದ ದಾರಿಯಿಲ್ಲ.

ಕಾನೂನು ಏನು ಕೇಳುತ್ತದೆ ಎಂದು ನೋಡಿದರೆ ವಿಷಯ ತಿಳಿಯಾಗುತ್ತದೆ. ಭಾರತದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್ ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ). ಅಭ್ಯರ್ಥಿಗೆ 18 ವರ್ಷ ತುಂಬಿರಬೇಕು. ಪಿಯುಸಿಯಲ್ಲಿ ಭೌತವಿಜ್ಞಾನ ಮತ್ತು ಗಣಿತ ಪಾಸಾಗಿರಬೇಕು. ವೈದ್ಯಕೀಯ ಪರೀಕ್ಷೆ ದಾಟಬೇಕು. ನ್ಯಾವಿಗೇಷನ್, ಹವಾಮಾನ, ವಾಯುಯಾನ ನಿಯಮಗಳು, ವಿಮಾನದ ತಾಂತ್ರಿಕ ವಿಷಯಗಳ ಪತ್ರಿಕೆಗಳಲ್ಲಿ ಶೇ 70 ಅಂಕ ಪಡೆಯಬೇಕು. ರೇಡಿಯೊ ಬಳಕೆಗೆ ಬೇರೆ ಪರೀಕ್ಷೆ ಇದೆ. ಜೊತೆಗೆ 200 ಗಂಟೆ ಹಾರಾಟ. ಅದರಲ್ಲಿ 100 ಗಂಟೆ ತಾನೇ ವಿಮಾನದ ಹೊಣೆ ಹೊತ್ತು ಹಾರಿಸಿರಬೇಕು. ಇಷ್ಟೂ ಪಟ್ಟಿಯಲ್ಲಿ ಪದವಿಯ ಸುದ್ದಿಯೇ ಇಲ್ಲ. ನಮ್ಮ ವಿಮಾನಯಾನ ಕಂಪನಿಗಳು ಹೊಸ ಪೈಲಟ್‌ಗಳನ್ನು ಕರೆಯುವಾಗ ಕೇಳುವುದೂ ಪಿಯುಸಿಯನ್ನೇ.

ಹಾಗಿದ್ದರೆ ಪೈಲಟ್ ಆಗಲು ಡಿಗ್ರಿ ಬೇಕೆಂಬ ನಂಬಿಕೆ ಎಲ್ಲಿಂದ ಬಂತು? ಸ್ವಲ್ಪ ಭಾಗ ನಮ್ಮದೇ ಡಿಗ್ರಿ ಮೋಹ. ಉಳಿದದ್ದು ಅಮೆರಿಕದ ಯೂಟ್ಯೂಬ್ ಪೈಲಟ್‌ಗಳಿಂದ ಆಮದಾದದ್ದು. ಅಲ್ಲಿ ಪದವಿಗೆ ಕಾನೂನಿನಲ್ಲೇ ಬೆಲೆಯಿದೆ. 2009ರ ಫೆಬ್ರುವರಿಯಲ್ಲಿ ಬಫೆಲೊ ನಗರದ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಮಂದಿ ಸತ್ತರು. ಆ ದುರಂತದ ಬಳಿಕ ಅಮೆರಿಕದ ಸಂಸತ್ತು ನಿಯಮ ಬಿಗಿ ಮಾಡಿತು. 2013ರಿಂದ ಪ್ರಯಾಣಿಕ ವಿಮಾನದ ಬಲಗಡೆಯ ಸೀಟಿನಲ್ಲಿ ಕೂರುವ ಸಹಪೈಲಟ್‌ಗೂ ಸಾಮಾನ್ಯವಾಗಿ 1,500 ಗಂಟೆ ಅನುಭವ ಬೇಕು. ಮಾನ್ಯತೆ ಪಡೆದ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ವಾಯುಯಾನ ಪದವಿ ಮಾಡಿದವರಿಗೆ ಇದು 1,000 ಗಂಟೆಗೆ ಇಳಿಯುತ್ತದೆ. ಎಂಬ್ರಿ ರಿಡಲ್, ನಾರ್ತ್ ಡಕೋಟದಂಥ ವಿಶ್ವವಿದ್ಯಾಲಯಗಳಿಗೆ ಮಕ್ಕಳು ಮುಗಿಬೀಳಲು ಈ 500 ಗಂಟೆಯ ರಿಯಾಯಿತಿಯೂ ಒಂದು ಕಾರಣ. (ಕೋಲ್ಗನ್ ವಿಮಾನದ ಇಬ್ಬರು ಪೈಲಟ್‌ಗಳಿಗೂ 1,500 ಗಂಟೆಗಿಂತ ಹೆಚ್ಚಿನ ಅನುಭವವೇ ಇತ್ತು. ಕಾನೂನು ಮಾಡುವವರು ಎಲ್ಲ ದೇಶದಲ್ಲೂ ಒಂದೇ ಥರ.) ಅಲ್ಲಿಯೂ ಗಾಳಿ ಬದಲಾಗುತ್ತಿದೆ, ಡೆಲ್ಟಾ ಕಂಪನಿ 2022ರಲ್ಲಿ ಪದವಿ ಕಡ್ಡಾಯವೆಂಬ ಷರತ್ತನ್ನು ಕೈಬಿಟ್ಟಿತು. ಏನಿದ್ದರೂ ಆ ರಿಯಾಯಿತಿ ಅಮೆರಿಕದ ಲೈಸೆನ್ಸಿಗೆ ಮಾತ್ರ. ಡಿಜಿಸಿಎ ಲೆಕ್ಕದಲ್ಲಿ ಬಿಎಸ್ಸಿ ಏವಿಯೇಷನ್ ಮಾಡಿದವರಿಗೂ ಪಿಯುಸಿ ಮುಗಿಸಿ ನೇರ ಬಂದವರಿಗೂ ಅದೇ 200 ಗಂಟೆ.

ಆದ್ದರಿಂದ ಮೊದಲು ಹೋಗಬೇಕಾದದ್ದು ವೈದ್ಯರ ಬಳಿಗೆ. ಡಿಜಿಸಿಎ ಒಪ್ಪಿದ ವೈದ್ಯರಲ್ಲಿ ಮೊದಲು ಕ್ಲಾಸ್ 2 ಪರೀಕ್ಷೆ, ಅದು ತೇರ್ಗಡೆಯಾದ ಮೇಲೆ ಕ್ಲಾಸ್ 1. ಕ್ಲಾಸ್ 1 ಪರೀಕ್ಷೆಗೆ ದೇಶದ ನಾನಾ ಕಡೆಯ ಮಕ್ಕಳು ಬರುವ ಸಂಸ್ಥೆಗಳಲ್ಲೊಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲೇ ಇದೆ, ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ. ಕಣ್ಣು, ಕಿವಿ, ಇಸಿಜಿ, ರಕ್ತ, ಮೂತ್ರ ಎಲ್ಲವನ್ನೂ ಜಾಲಾಡುತ್ತಾರೆ. ಕನ್ನಡಕ ಇದ್ದರೆ ಅಷ್ಟೇನೂ ಅಡ್ಡಿಯಿಲ್ಲ. ಗಂಡುಮಕ್ಕಳನ್ನು ಹೆಚ್ಚಾಗಿ ಕೆಡವುವುದು ಬಣ್ಣದ ಚುಕ್ಕಿಗಳ ಪುಸ್ತಕ. ಹಸಿರು ಚುಕ್ಕಿಗಳ ನಡುವೆ ಕೆಂಪು ಚುಕ್ಕಿಗಳಲ್ಲಿ ಅಡಗಿರುವ ಅಂಕಿ ಎಲ್ಲರ ಕಣ್ಣಿಗೂ ಬೀಳುತ್ತದೆ ಎಂದೇ ನಾವು ನಂಬಿರುತ್ತೇವೆ. ಬಣ್ಣಗುರುಡು ಇರುವ ಎಷ್ಟೋ ಹುಡುಗರಿಗೆ ಅದು ಇದೆಯೆಂಬುದೇ 18 ತುಂಬುವವರೆಗೆ ಗೊತ್ತಿರುವುದಿಲ್ಲ, ಏಕೆಂದರೆ ಸಿಗ್ನಲ್‌ನಲ್ಲಿ ಯಾವ ದೀಪ ಮೇಲಿದೆ ಎಂದು ನೋಡಿಕೊಂಡೇ ಬೈಕ್ ಓಡಿಸಿರುತ್ತಾರೆ. ಇದು ಶುಲ್ಕ ಕಟ್ಟುವ ಮೊದಲೇ ತಿಳಿದರೆ ಒಂದು ದಿನದ ಬೇಸರ. ಎರಡು ವರ್ಷ ಓದಿದ ಮೇಲೆ ತಿಳಿದರೆ ಆ ನಷ್ಟವನ್ನು ಯಾರೂ ತುಂಬಿಕೊಡುವುದಿಲ್ಲ.

ವೈದ್ಯಕೀಯ ಪರೀಕ್ಷೆಯ ಹಿಂದೆಯೇ ಪತ್ರಿಕೆಗಳನ್ನು ಬರೆದು ಮುಗಿಸುವುದು ಜಾಣತನ. ಪುಸ್ತಕ ಕೊಂಡು ಮನೆಯಲ್ಲೇ ಓದಬಹುದು, ಕೋಚಿಂಗ್ ಸೇರಿದರೂ ಹಾರಾಟದ ಖರ್ಚಿನ ಮುಂದೆ ಅದು ಪುಡಿಗಾಸು. ಹವಾಮಾನದ ಪತ್ರಿಕೆಯಲ್ಲಿ ಮೂರು ಸಲ ನಪಾಸಾದವರಿಗೆ ತಮ್ಮ ಆಸಕ್ತಿ ಎಷ್ಟರಮಟ್ಟಿಗಿದೆ ಎಂದು ಅಲ್ಲೇ ಅರಿವಾಗುತ್ತದೆ, ಅದೂ ಲಕ್ಷಗಳು ಕರಗುವ ಮೊದಲು.

ಈಗ ಹಾರಾಟ ಶಾಲೆಯ ಮಾತು. ಕುಟುಂಬದ ತಲೆ ನಿಜಕ್ಕೂ ಕೆಡಬೇಕಾದದ್ದು ಇಲ್ಲಿ. ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ಶಾಲೆ 1949ರಷ್ಟು ಹಳೆಯದು. ನಡುವೆ ವರ್ಷಗಟ್ಟಲೆ ಹಾರಾಟವೇ ನಿಂತುಹೋಗಿದ್ದ ಅದರ ಚರಿತ್ರೆ ನಮ್ಮ ಸರ್ಕಾರಗಳ ಆದ್ಯತೆ ಏನೆಂದು ಹೇಳುತ್ತದೆ. ಮೈಸೂರಿನಲ್ಲಿ ಖಾಸಗಿ ಶಾಲೆಯಿದೆ. ವಿಮಾನ ನಿಲ್ದಾಣಗಳ ಪ್ರಾಧಿಕಾರ 2021ರ ಹೊತ್ತಿಗೆ ಹೊಸ ಶಾಲೆಗಳಿಗೆಂದು ಮೊದಲು ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿ ಎರಡೂ ಇದ್ದವು. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಇದೆ. ಅಲ್ಲಿ ಪ್ರವೇಶ ಪರೀಕ್ಷೆ ನಡೆಯುತ್ತದೆ, ಸೀಟು ಕಡಿಮೆ.

ಯಾವ ಶಾಲೆ ಒಳ್ಳೆಯದು ಎಂಬುದಕ್ಕೆ ಕಟ್ಟಡ, ಹಾಸ್ಟೆಲ್, ಸಿಮ್ಯುಲೇಟರ್ ಫೋಟೊ ಯಾವುದೂ ಸಾಕ್ಷಿಯಲ್ಲ. ಲೆಕ್ಕ ಸರಳ. 200 ಗಂಟೆ ಮುಗಿಯಬೇಕು. ವಾರಕ್ಕೆ ಐದು ಗಂಟೆ ಹಾರಿಸಿದರೆ 40 ವಾರ. ವಾರಕ್ಕೆ ಒಂದೇ ಗಂಟೆ ಸಿಕ್ಕಿದರೆ ಸುಮಾರು ನಾಲ್ಕು ವರ್ಷ. ಮಳೆಗಾಲದ ಮೋಡ, ಚಳಿಗಾಲದ ಮಂಜು, ಬಿಡಿಭಾಗಕ್ಕೆ ಕಾದು ಹ್ಯಾಂಗರಿನಲ್ಲಿ ನಿಂತ ಸೆಸ್ನಾ ವಿಮಾನ, ಕಂಪನಿ ಕೆಲಸ ಸಿಕ್ಕಿತೆಂದು ಹೊರಟುಹೋದ ಇನ್‌ಸ್ಟ್ರಕ್ಟರ್ ಇವೆಲ್ಲ ಸೇರಿ ಒಂದು ವರ್ಷದ್ದೆಂದು ಹೇಳಿದ ತರಬೇತಿ ಎರಡು, ಮೂರು ವರ್ಷ ಎಳೆಯುತ್ತದೆ. ಅಷ್ಟೂ ದಿನ ಹಾಸ್ಟೆಲ್ ಬಾಡಿಗೆ, ಸಾಲದ ಬಡ್ಡಿ ನಿಲ್ಲುವುದಿಲ್ಲ. ಹಾಗಾಗಿ ಮಳೆಯಿಲ್ಲದ ಒಂದು ಬೆಳಿಗ್ಗೆ ಆರೂವರೆಗೇ ಶಾಲೆಯ ಬೇಲಿಯ ಪಕ್ಕ ಹೋಗಿ ನಿಲ್ಲುವುದು ಒಳ್ಳೆಯದು. ಎಷ್ಟು ವಿಮಾನ ನೆಲದ ಮೇಲಿವೆ, ಎಷ್ಟು ಎಂಜಿನ್ ಶುರುವಾದವು, ಎಷ್ಟು ಹುಡುಗರು ಮೊಬೈಲ್ ನೋಡುತ್ತ ಬೆಂಚಿನ ಮೇಲೆ ಕುಳಿತಿದ್ದಾರೆ ಎಂದು ಎಣಿಸಬೇಕು. ಹಳೆಯ ವಿದ್ಯಾರ್ಥಿಯೊಬ್ಬನ ಲಾಗ್‌ಬುಕ್ ಕೇಳಿ ನೋಡಬೇಕು. ಅದರಲ್ಲಿ ಪ್ರತಿ ಹಾರಾಟಕ್ಕೂ ತಾರೀಖು, ವಿಮಾನದ ನೋಂದಣಿ, ಹಾರಿದ ಅವಧಿ ನಮೂದಾಗಿರುತ್ತದೆ. ಎರಡು ಸಾಲುಗಳ ತಾರೀಖಿನ ನಡುವೆ ತಿಂಗಳುಗಟ್ಟಲೆ ಅಂತರವಿದ್ದರೆ ಮತ್ತೇನೂ ಕೇಳಬೇಕಿಲ್ಲ.

ಡಿಜಿಸಿಎ 2025ರಲ್ಲಿ ಮೊದಲ ಬಾರಿಗೆ ಹಾರಾಟ ಶಾಲೆಗಳಿಗೆ ದರ್ಜೆ ಕೊಟ್ಟಿತು. ಒಂದು ಶಾಲೆಯೂ ‘ಎ’ ದರ್ಜೆ ಮುಟ್ಟಲಿಲ್ಲ. ಎಲ್ಲವೂ ‘ಬಿ’ ಅಥವಾ ‘ಸಿ’. ನಿಯಂತ್ರಕರೇ ಇಷ್ಟು ನೇರವಾಗಿ ಹೇಳಿದ ಮೇಲೂ ಪೂರ್ತಿ ಶುಲ್ಕವನ್ನು ಮುಂಗಡ ಕಟ್ಟುವವರಿದ್ದಾರೆ ಎಂಬುದು ಸೋಜಿಗ. ಕಾಲೇಜು ಬಿಟ್ಟರೆ ಶುಲ್ಕ ವಾಪಸ್ ಕೇಳಲು ಯುಜಿಸಿಯ ನಿಯಮವಾದರೂ ಇದೆ. ಹಾರಾಟ ಶಾಲೆ ಯುಜಿಸಿ ವ್ಯಾಪ್ತಿಗೇ ಬರುವುದಿಲ್ಲ. ಹಾರಿದ ಗಂಟೆಗೆ ತಕ್ಕಂತೆ ಕಂತಿನಲ್ಲಿ ಹಣ ಪಡೆಯಲು ಒಪ್ಪದ ಶಾಲೆಯಿಂದ ದೂರ ಇರುವುದೇ ಕ್ಷೇಮ. ಅಮೆರಿಕ, ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್‌ಗಳಲ್ಲಿ ಹಾರಾಟ ಬೇಗ ಮುಗಿಯುತ್ತದೆ ಎಂಬುದು ನಿಜ. ಮರಳಿ ಬಂದು ಇಲ್ಲಿನ ಪತ್ರಿಕೆ ಬರೆದು ಲೈಸೆನ್ಸ್ ಪರಿವರ್ತಿಸಿಕೊಳ್ಳುವ ಸಮಯವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಣದ ಮಾತು ಆಡದೆ ಈ ಚರ್ಚೆ ಮುಗಿಯದು. ಸಿಪಿಎಲ್ ಕೈಗೆ ಬರುವಷ್ಟರಲ್ಲಿ 50 ಲಕ್ಷದ ಆಸುಪಾಸು ಖರ್ಚಾಗಿರುತ್ತದೆ. ಆ ಲೈಸೆನ್ಸ್ ಇದ್ದ ಮಾತ್ರಕ್ಕೆ ಏರ್‌ಬಸ್ ಎ320 ಹಾರಿಸಲು ಬರುವುದಿಲ್ಲ. ಆ ಮಾದರಿಗೇ ಮೀಸಲಾದ ಟೈಪ್ ರೇಟಿಂಗ್‌ಗೆ ಮತ್ತೆ 15 ಲಕ್ಷ ಅಥವಾ ಅದಕ್ಕೂ ಮೇಲೆ. ಕಂಪನಿಗಳ ಕೆಡೆಟ್ ಕಾರ್ಯಕ್ರಮಗಳಲ್ಲಿ ಎಲ್ಲ ಸೇರಿ ಕೋಟಿ ದಾಟುವುದುಂಟು. ಇದರಲ್ಲಿ 60 ಲಕ್ಷವನ್ನು ಶೇ 11ರ ಬಡ್ಡಿಗೆ ಹತ್ತು ವರ್ಷದ ಸಾಲವಾಗಿ ತೆಗೆದರೆ ತಿಂಗಳ ಕಂತು 82 ಸಾವಿರ ರೂಪಾಯಿ ಮೀರುತ್ತದೆ. ಕೆಲಸ ಸಿಕ್ಕಿದ ಮೇಲೆ ಇದು ಭಾರವೆನಿಸದು. ಸಿಗುವವರೆಗೆ ಅಡಿಕೆ ತೋಟವೋ ಊರಂಚಿನ ಸೈಟೋ ಬ್ಯಾಂಕಿನ ಹತ್ತಿರ ಇರುತ್ತದೆ.

ಕೆಲಸ ಸಿಕ್ಕೇ ಸಿಗುತ್ತದೆ, ಪೈಲಟ್‌ಗಳ ಕೊರತೆಯಿದೆಯಲ್ಲ ಎನ್ನುವವರುಂಟು. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೊ 500 ವಿಮಾನಗಳಿಗೆ ಆರ್ಡರ್ ಕೊಟ್ಟದ್ದು ನಿಜ. 2025ರ ಡಿಸೆಂಬರ್‌ನಲ್ಲಿ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಹೊಂದಿಕೊಳ್ಳಲಾಗದೆ ಇಂಡಿಗೊ ಸಾವಿರಾರು ವಿಮಾನಗಳನ್ನು ರದ್ದು ಮಾಡಿದ್ದನ್ನು ಬೆಂಗಳೂರಿನ ಪ್ರಯಾಣಿಕರು ಮರೆತಿಲ್ಲ. ಆದರೆ ಹೆಚ್ಚಾಗಿ ಕಾಡುವ ಕೊರತೆ ಎಡಗಡೆಯ ಸೀಟಿನದು, ಅಂದರೆ ಕ್ಯಾಪ್ಟನ್‌ಗಳದ್ದು. ಆ ಹಂತದ ಲೈಸೆನ್ಸಿಗೇ ಕನಿಷ್ಠ 1,500 ಗಂಟೆ ಬೇಕು. ಕಂಪನಿಯಲ್ಲಿ ಅಲ್ಲಿಗೆ ತಲುಪಲು ಹಲವು ವರ್ಷ ಹಿಡಿಯುತ್ತದೆ. 200 ಗಂಟೆಯ ಹೊಸಬರಿಗೆ ಸರದಿ ಉದ್ದವಾಗಿಯೇ ಇದೆ. 2023ರ ಒಂದೇ ವರ್ಷ ಡಿಜಿಸಿಎ 1,600ಕ್ಕೂ ಹೆಚ್ಚು ಸಿಪಿಎಲ್ ಕೊಟ್ಟಿತು. ಜೊತೆಗೆ ಈ ಉದ್ಯಮಕ್ಕೆ ಆಯಸ್ಸು ಕಡಿಮೆ. ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ನೆಲಕ್ಕಿಳಿದವು. ಪ್ರತಿ ಸಲವೂ ಅನುಭವಿ ಪೈಲಟ್‌ಗಳು ಬೀದಿಗೆ ಬಂದು, ಹೊಸಬರ ಮುಂದೆ ಸರದಿಯಲ್ಲಿ ನಿಂತರು.

ಪದವಿ ಬೇಕಾಗುವುದು ಇಂಥ ಹೊತ್ತಿಗೆ. ಪೈಲಟ್‌ನ ವೈದ್ಯಕೀಯ ಪ್ರಮಾಣಪತ್ರ ನಿಗದಿತ ಅವಧಿಗೊಮ್ಮೆ ನವೀಕರಣವಾಗಬೇಕು. ಮೂವತ್ತೈದನೇ ವಯಸ್ಸಿನಲ್ಲಿ ಹೃದಯವೋ ಸಕ್ಕರೆಯೋ ತಕರಾರು ತೆಗೆದರೆ ಕೈಯಲ್ಲಿ ಉಳಿಯುವುದು ಇನ್ನೊಂದು ವಿದ್ಯೆ. ಹಾಗಾಗಿ ವಿಮಾನಕ್ಕೆ ಸಂಬಂಧವೇ ಇಲ್ಲದ, ಸ್ವಂತ ಬಲದಲ್ಲಿ ಅನ್ನ ಹುಟ್ಟಿಸುವ ಪದವಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಬಿಕಾಂ, ಬಿಸಿಎ, ಗಣಿತದ ಬಿಎಸ್ಸಿ ಯಾವುದಾದರೂ ಸರಿ. ತರಬೇತಿಯ ನಡುವೆ ತರಗತಿಗೆ ಹೋಗಲಾಗದವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯವಿದೆ, ಇಗ್ನೊ ಇದೆ. ಬಿಎಸ್ಸಿ ಏವಿಯೇಷನ್ ಮಾಡಿದವರು ಉದ್ಯಮ ಕುಸಿದಾಗ ಅದೇ ಕುಸಿದ ಉದ್ಯಮದಲ್ಲೇ ಕೆಲಸ ಹುಡುಕಬೇಕಾಗುತ್ತದೆ. ಅಂಥ ಕೋರ್ಸಿನ ಪರ ಒಂದು ಮಾತು ಹೇಳಬಹುದು: ಕಾಲೇಜಿಗೆ ಡಿಜಿಸಿಎ ಒಪ್ಪಿದ ಹಾರಾಟ ಶಾಲೆಯೊಂದಿಗೆ ನಿಜವಾದ ಒಪ್ಪಂದವಿದ್ದು, ಹಾರಾಟ ತಡವಾದರೂ ಮೂರು ವರ್ಷಕ್ಕೆ ಪದವಿಯಾದರೂ ಕೈಗೆ ಬರುವಂತಿದ್ದರೆ ಸಮಯ ಉಳಿಯುತ್ತದೆ.

ಪದವಿಯಿಂದ ನೇರ ಲಾಭವಾಗುವ ದಾರಿ ವಾಯುಪಡೆಯದು. ಪಿಯುಸಿ ಮುಗಿಸಿದವರಿಗೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್‌ಡಿಎ) ಇದೆ, ಈಗ ಹೆಣ್ಣುಮಕ್ಕಳಿಗೂ ಅದರ ಬಾಗಿಲು ತೆರೆದಿದೆ. ಅದು ತಪ್ಪಿದರೆ ಪದವೀಧರರಿಗೆ ವಾಯುಪಡೆಯ ಪ್ರವೇಶ ಪರೀಕ್ಷೆ ಎಎಫ್‌ಕ್ಯಾಟ್. ಅಲ್ಲಿ ಪದವಿಯಲ್ಲಿ ಶೇ 60 ಅಂಕ, ಪಿಯುಸಿಯಲ್ಲಿ ಗಣಿತ, ಭೌತವಿಜ್ಞಾನ ಕೇಳುತ್ತಾರೆ. ಹಾರಾಟ ಶಾಖೆಗೆ ವಯೋಮಿತಿ 24. ಡಿಜಿಸಿಎಯ ಸಿಪಿಎಲ್ ಇದ್ದವರಿಗೆ 26ರವರೆಗೆ ಸಡಿಲಿಕೆ. ತೋಟ ಅಡವಿಡಲು ಒಪ್ಪದ ಮನೆಯ ಮಕ್ಕಳಿಗೆ ಇದಕ್ಕಿಂತ ಅಗ್ಗದ ಕಾಕ್‌ಪಿಟ್ ಇನ್ನೊಂದಿಲ್ಲ. ದುರ್ದೈವದಿಂದ ನಮ್ಮ ಪಿಯು ಕಾಲೇಜುಗಳಲ್ಲಿ ಈ ಪರೀಕ್ಷೆಗಳ ಹೆಸರು ಕಿವಿಗೆ ಬೀಳುವುದೇ ಅಪರೂಪ.

ಪಿಯುಸಿಯಲ್ಲಿ ವಿಜ್ಞಾನ ಓದದವರಿಗೂ ಸಿಪಿಎಲ್‌ಗೆ ಅವಕಾಶ ಕೊಡಬೇಕೆಂಬ ಪ್ರಸ್ತಾಪ 2025ರಲ್ಲಿ ಚರ್ಚೆಗೆ ಬಂತು. ವಾಣಿಜ್ಯ ವಿಭಾಗದ ಮಕ್ಕಳು ಮುಕ್ತ ಶಾಲೆಯ ಮೂಲಕ ಭೌತವಿಜ್ಞಾನ, ಗಣಿತ ಪಾಸು ಮಾಡಿಕೊಂಡು ಬರುವುದು ಮೊದಲಿನಿಂದಲೂ ನಡೆದೇ ಇದೆ. ಈ ಗೇಟು ದೊಡ್ಡದಾದರೆ ತಪ್ಪೇನಿಲ್ಲ, ಮುಗಿಬೀಳುವವರ ಸಂಖ್ಯೆ ಮಾತ್ರ ಖಂಡಿತ ಹೆಚ್ಚುತ್ತದೆ. ಅಷ್ಟರೊಳಗೆ ನಮ್ಮ ವಿಶ್ವವಿದ್ಯಾಲಯಗಳು ಒಂದು ಕೆಲಸ ಮಾಡಬಹುದು, ಅದಕ್ಕೆ ಹೊಸ ಕಾಯ್ದೆಯೂ ಬೇಡ. ಏವಿಯೇಷನ್ ಹೆಸರಿನ ಕೋರ್ಸಿಗೆ ಸಂಯೋಜನೆ ನೀಡುವಾಗ ಒಂದು ಷರತ್ತು ಹಾಕಲಿ: ‘ಈ ಕೋರ್ಸಿನಿಂದ ಪೈಲಟ್ ಲೈಸೆನ್ಸ್ ಸಿಗುವುದಿಲ್ಲ’ ಎಂಬ ಸಾಲು ಬ್ರೋಷರಿನ ಮುಖಪುಟದಲ್ಲಿ, ಕನ್ನಡದಲ್ಲಿ, ಕಾಲೇಜಿನ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಇರಬೇಕು.