ಟ್ಯಾಂಕು ತುಂಬಿದರೆ ಕೆರೆ ತುಂಬಿದಂತಲ್ಲ

ಇಂಗ್ಲಿಷಿನ ‘ಟ್ಯಾಂಕ್’ ಅರ್ಧಕ್ಕರ್ಧ ನಮ್ಮ ಕಡೆಯದೇ ಪದ. ನೆಲದಡಿಯ ನೀರಿನ ತೊಟ್ಟಿಗೆ ಗುಜರಾತಿಯಲ್ಲಿ ಟಾಂಕು, ಮರಾಠಿಯಲ್ಲಿ ಟಾಕೆ ಎನ್ನುತ್ತಾರೆ. ಪೋರ್ಚುಗೀಸರ ‘ತಾಂಕೆ’ ನೀರನ್ನು ತಡೆದು ನಿಲ್ಲಿಸುವ ಅರ್ಥದ ಕ್ರಿಯಾಪದದಿಂದ ಬಂದದ್ದು. ಯಾವುದು ಯಾವುದರ ಕೂಸು ಎಂಬ ಚರ್ಚೆ 1886ರ ಹಾಬ್ಸನ್-ಜಾಬ್ಸನ್ ನಿಘಂಟಿನಷ್ಟು ಹಳೆಯದು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಹೊಸ ಉಕ್ಕಿನ ಯಂತ್ರದ ಗುಟ್ಟು ಕಾಯಲು ಅದನ್ನು ನೀರಿನ ಟ್ಯಾಂಕ್ ಎಂದು ಕರೆದರು. 1916ರ ಸೆಪ್ಟೆಂಬರ್ 15ರಂದು ಅದು ರಣರಂಗಕ್ಕಿಳಿದ ಮೇಲೂ ಹೆಸರು ಬಿಡಲಿಲ್ಲ. ಕೋಲಾರ, ಮಾಲೂರಿನ ಪೇಟೆಗಳಲ್ಲಿ ಟ್ಯಾಂಕು ಎಂದರೆ ತಾರಸಿ ಮೇಲಿನ ಕಪ್ಪು ಡ್ರಮ್ಮು, ಇಲ್ಲವೇ ಬೈಕಿನಲ್ಲಿ ಪೆಟ್ರೋಲ್ ತುಂಬುವ ಜಾಗ. ಇವುಗಳಲ್ಲಿ ಯಾವುದಕ್ಕೂ ನನ್ನ ತಕರಾರಿಲ್ಲ. ತಕರಾರಿರುವುದು ಕೆರೆಗೂ ಟ್ಯಾಂಕ್ ಎಂದೇ ಬರೆಯುವ ಸರ್ಕಾರಿ ಕಡತದ ಬಗ್ಗೆ.

ಟ್ಯಾಂಕು ಒಂದು ಪಾತ್ರೆ. ತುಂಬಿಸಬಹುದು, ಬರಿದು ಮಾಡಿ ತೊಳೆಯಬಹುದು. ಕೆರೆ ಹಾಗಲ್ಲ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ಸೀಮೆಯಲ್ಲಿ ಪಾಲಾರ್, ದಕ್ಷಿಣ ಪಿನಾಕಿನಿ, ಪಾಪಾಗ್ನಿ ಕೊಳ್ಳಗಳುದ್ದಕ್ಕೂ ಕೆರೆಗಳನ್ನು ಸಾಲಾಗಿ ಕಟ್ಟಿದರು. ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಮೇಲೆ ರಾಜಕಾಲುವೆ, ಕೆಳಗೆ ಅಚ್ಚುಕಟ್ಟು, ನಡುವೆ ಏರಿ. ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚಲು ನೀರುಗಂಟಿ. ಬೇಸಿಗೆಯಲ್ಲಿ ಗಾಡಿ ತುಂಬಿ ಹೊಲಕ್ಕೆ ಹೋಗುವ ಹೂಳು. ಮೇಲಿನ ಕೆರೆ ಕೋಡಿ ಹರಿದರೆ ಕೆಳಗಿನದಕ್ಕೆ ನೀರು. ಇದರಲ್ಲಿ ಒಂದು ಕೊಂಡಿ ಕಳಚಿದರೂ ಉಳಿಯುವುದು ತಗ್ಗು, ಅಷ್ಟೇ.

ಹೆಸರಿನಿಂದ ಏನಾಗುತ್ತದೆ, ನೀರು ಬಂತಲ್ಲ ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. 2018ರಲ್ಲಿ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಗುರಿ ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ. ಸಾವಿರ ಅಡಿ ಕೊರೆದರೂ ಬರೀ ದೂಳು ಕಂಡಿದ್ದ ರೈತನಿಗೆ ಅಂತರ್ಜಲ ಮೇಲೆ ಬಂದದ್ದು ಸಣ್ಣ ಮಾತಲ್ಲ. ಆದರೆ ಬಂದ ನೀರು ಎರಡನೇ ಹಂತದವರೆಗೆ ಮಾತ್ರ ಶುದ್ಧವಾದದ್ದು. ಅದೇ ವರ್ಷ ಕೆರೆಯಲ್ಲಿ ನೊರೆ ಎದ್ದು, ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಪಾತ್ರೆಯಾದರೆ ಕೊಳೆ ಪಾತ್ರೆಯಲ್ಲೇ ನಿಲ್ಲುತ್ತಿತ್ತು. ಕೆರೆಯಿಂದ ಅದು ಕೋಡಿ ಹಿಡಿದು ಕೆಳಗಿನ ಕೆರೆಗೂ, ನೆಲಕ್ಕಿಳಿದು ಬೋರ್‌ವೆಲ್‌ಗೂ ಹೋಗಬಲ್ಲದು. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಬೇಡಿಕೆಗೆ ಇದೇ ಆಧಾರ. ಇನ್ನೊಂದು ಕಡೆ, ಪೈಪಿನಲ್ಲಿ ನೀರು ಬರುವಾಗ ರಾಜಕಾಲುವೆಯ ಒತ್ತುವರಿ ತೆರವು ಯಾರಿಗೂ ತುರ್ತೆನಿಸುವುದಿಲ್ಲ. ಮಾಲೂರಿನ ಜಲಾನಯನದಲ್ಲಿ ನೀರು ಹೀರುವ ನೀಲಗಿರಿ ತೋಪುಗಳ ಮಾತಂತೂ ಹಿಂದೆಯೇ ಬಿತ್ತು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ. ಬ್ರಿಟಿಷರ ಕಾಲದಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ಕೂಡ ಟ್ಯಾಂಕ್ ಎಂದೇ ಬರೆದವರು; ಆದರೂ ಈ ನಾಡಿನ ಕೆರೆಸಾಲು ಕಂಡು ಬೆರಗಾದವರು. ಪದದಿಂದ ಅವರ ಕಣ್ಣೇನೂ ಮಂಜಾಗಲಿಲ್ಲ, ನಿಜ. ಆಗ ಪದದಿಂದಾಚೆ ಏರಿಯ ಮೇಲೆ ನೀರುಗಂಟಿ ಇದ್ದ. ಕೋಡಿ ಎಲ್ಲಿಗೆ ಹರಿಯುತ್ತದೆಂದು ಅವನಿಗೆ ಗೊತ್ತಿತ್ತು. ಈಗ ಹಲವೆಡೆ ಆ ಕಸುಬೇ ಉಳಿದಿಲ್ಲ, ಕಡತದ ಪದವೊಂದೇ ಉಳಿದಿದೆ. ಹಾಗಾಗಿ ಮುಳಬಾಗಿಲು, ಶ್ರೀನಿವಾಸಪುರದ ಕೆರೆಗಳಿಗೆ ಮುಂದೆ ಹಣ ಮಂಜೂರು ಮಾಡುವ ಸಣ್ಣ ನೀರಾವರಿ ಇಲಾಖೆ, ಪ್ರತಿ ಕೆರೆಯ ಹೆಸರಿನ ಮುಂದೆ ಸಾಮರ್ಥ್ಯದ ಅಂಕಿಯ ಜೊತೆಗೆ ಅದರ ರಾಜಕಾಲುವೆಯ ಸರ್ವೆ ನಂಬರನ್ನೂ ಕೋಡಿ ಸೇರುವ ಕೆರೆಯ ಹೆಸರನ್ನೂ ಬರೆಯಲಿ. ಅವೆರಡು ಕಲಂ ಖಾಲಿಯಿದ್ದರೆ ಬಿಲ್ ಪಾಸಾಗಬಾರದು.