ನಮ್ಮ ಸಂಚಿಕೆಗೆ ನಮ್ಮದೇ ಶೈಲಿ ಕಡತವಿರಲಿ



ಪ್ರತಿ ಯುಗಾದಿ ಸಂಚಿಕೆಗೂ ಶೀರ್ಷಿಕೆಯ ಗಾತ್ರ, ಪದ್ಯದ ಅಂಚು, ಸಾಲಿನ ಅಂತರಗಳನ್ನು ನಾವು ಕೈಯಾರೆ ತಿದ್ದುತ್ತೇವೆ. ಸಂಪಾದಕರು ಬದಲಾದೊಡನೆ ಆ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಇದನ್ನು ಸೇವೆಯೆಂದು ಹೊಗಳುವುದು ಸಾಕು.

1977ರಲ್ಲಿ ತಮ್ಮ ಗ್ರಂಥದ ಹೊಸ ಆವೃತ್ತಿಯ ಕರಡಚ್ಚು ಕಂಡು ಬೇಸತ್ತ ಡೊನಾಲ್ಡ್ ಕ್ನೂತ್ ದೂರುತ್ತ ಕೂರಲಿಲ್ಲ. ಟೆಕ್ ತಂತ್ರಾಂಶವನ್ನೇ ರಚಿಸಿದರು. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಕಟ್ಟಿದ ಲೇಟೆಕ್‌ನಲ್ಲಿ ವಿನ್ಯಾಸದ ನಿಯಮಗಳನ್ನೆಲ್ಲ ಒಂದೇ ಶೈಲಿ ಕಡತದಲ್ಲಿ ಬರೆದಿಡಬಹುದು. ಲೇಖನ 'ಇದು ಶೀರ್ಷಿಕೆ, ಇದು ಪದ್ಯ' ಎಂದಷ್ಟೇ ಸೂಚಿಸುತ್ತದೆ. ರೂಪವನ್ನು ಕಡತ ನಿರ್ಧರಿಸುತ್ತದೆ.

ಸಿದ್ಧ ಮಾದರಿಗಳು ಸಾಲದೇ ಎಂಬವರಿಗೆ ನಮ್ಮ ಉತ್ತರ: ಅವು ಇಂಗ್ಲಿಷಿಗೆ ಅಳತೆ ಕೊಟ್ಟು ಹೊಲಿದ ಅಂಗಿಗಳು. ಸಾಲಿನ ಕೆಳಗಿಳಿಯುವ ನಮ್ಮ ಒತ್ತಕ್ಷರಗಳಿಗೆ ಹೆಚ್ಚಿನ ಅಂತರ ಬೇಕು. ಝೀಟೆಕ್‌ನಲ್ಲಿ ಫಾಂಟ್‌ಸ್ಪೆಕ್ ಮೂಲಕ ಯೂನಿಕೋಡ್ ಅಕ್ಷರಶೈಲಿಯನ್ನು ಆರಿಸಿ, ಲಿಪಿ ಕನ್ನಡವೆಂದು ಒಮ್ಮೆ ಕಡತದಲ್ಲಿ ನಮೂದಿಸಿದರೆ ಅವು ಸರಿಯಾಗಿ ಕೂಡುತ್ತವೆ.

ಕಲಿಕೆ ಕಷ್ಟವೆಂಬುದು ನೆಪ. ಇಬ್ಬರು ಕಲಿತರೆ ಸಾಕು. ಉಳಿದವರು ಯೂನಿಕೋಡ್‌ನಲ್ಲಿ ಬರೆದು ಕಳಿಸಲಿ. ಕನ್ನಡ ಉಳಿಯಲೆಂದು ವೇದಿಕೆಯಲ್ಲಿ ಘೋಷಿಸುವ ನಾವು, ಮುಂದಿನ ಸಮಿತಿಗೆ ಒಂದು ಕಡತವನ್ನಾದರೂ ಉಳಿಸಿಹೋಗೋಣ.